ಆ ವಾರ ಮಣ್ಣಾದವರು

ಕುಮ್ ಹೆಲಿಗ್ ಊರಿನಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ಚಾಪೆಲ್ಲಿನ, ಅಂದರೆ ಊರ ಪ್ರಾರ್ಥನಾ ಮಂದಿರದ, ಪುಸ್ತಕಕ್ಕೆ ಮಾತ್ರ. ಬೀದಿಗೆ ಬೇರೆ ಹೆಸರು ಬೇಕು. ಊರಿನ ಅರ್ಧ ಜನ ಜೋನ್ಸ್, ಉಳಿದರ್ಧ ರಾಬರ್ಟ್ಸ್ ಆಗಿರುವಾಗ ಇನ್ನೇನು ಮಾಡುವುದು? ರೊಟ್ಟಿ ಸುಡುವವನು ರೊಟ್ಟಿ ಜೋನ್ಸ್. ಹೆಣ ಹೊರುವ ಗಾಡಿ ಇದ್ದವನು ಕೊನೇ ಸವಾರಿ ಜೋನ್ಸ್. ಹೊಲ ಮನೆ ಇದ್ದವರಿಗೆ ಮನೆಯ ಹೆಸರೇ ಮನೆತನದ ಹೆಸರು. ಹಾಗೆ ಮೇನಿರ್ ರಾಬರ್ಟ್ಸ್‌ಗೆ ಊರು ಕೊಟ್ಟ ಹೆಸರು ‘ಎರಡು ಕಾಗದದ ಮೇನಿರ್’.

ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಆಲೂಗಡ್ಡೆ ಬೇಯಿಸಿ ನಿವೃತ್ತಳಾದ ಮೇನಿರ್, ಅದಕ್ಕೂ ಮೊದಲಿನಿಂದಲೇ ಜಿಲ್ಲೆಯ ವಂಶಾವಳಿ ಸಂಘಕ್ಕೆ ದುಡಿಯುತ್ತಿದ್ದಳು. ಲೈಬ್ರರಿಯ ಮಹಡಿಯ ಒಂದು ಕೋಣೆ, ಒಂದು ಮೇಜು, ಸದಾ ಒದ್ದೆ ಕೋಟಿನ ವಾಸನೆ. ಅಮೆರಿಕದಿಂದ, ಆಸ್ಟ್ರೇಲಿಯಾದಿಂದ ಜನ ತಮ್ಮ ಮುತ್ತಾತನನ್ನು ಹುಡುಕಿಕೊಂಡು ಅಲ್ಲಿಗೆ ಬರುತ್ತಿದ್ದರು. ಎಲ್ಲರಿಗೂ ರಾಜಕುಮಾರನೇ ಬೇಕು. ಹುಡುಕಿದರೆ ಸಿಗುವವನು ಕುರಿಗಳ್ಳ. ಬಂದವರು ಅಜ್ಜಿ ಹೇಳಿದ ಕಥೆ ತರುತ್ತಿದ್ದರು, ಬೈಬಲ್ಲಿನ ಹಾಳೆಯಲ್ಲಿ ಗೀಚಿದ ಹೆಸರು ತರುತ್ತಿದ್ದರು. ಮೇನಿರ್ ಎಲ್ಲ ಕೇಳಿಸಿಕೊಂಡು, ಟೀ ಕೊಟ್ಟು, ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದಳು: “ಒಂದು ಕಾಗದ ಅಂದ್ರೆ ಗಾಳಿಮಾತು. ಎರಡನೇದು ತನ್ನಿ, ಬರೀತೀನಿ.” ಒಹಾಯೋದಿಂದ ಬಂದ ಒಬ್ಬ ಮುದುಕ ಆ ಮೇಜಿನ ಮುಂದೆ ಕೂತು ಅತ್ತಿದ್ದ. ಅವನಿಗೂ ಬರೆದುಕೊಡಲಿಲ್ಲ. ಊರಿನವರು ಅದನ್ನು ನೆನೆದು ಅರ್ಧ ಹೆಮ್ಮೆ ಪಡುತ್ತಿದ್ದರು, ಅರ್ಧ ಬೈಯುತ್ತಿದ್ದರು.

ಇಂಥವಳ ತಾಯಿ ಲೌರಿ. ಎಂಬತ್ತೆಂಟು ವರ್ಷ, ಸೊಂಟ ಮುರಿದ ಮೇಲೆ ಊರ ತುದಿಯ ವೃದ್ಧಾಶ್ರಮದಲ್ಲಿದ್ದಳು. ಕಿವಿ ಚುರುಕು, ನಾಲಿಗೆ ಇನ್ನೂ ಚುರುಕು. ಫೆಬ್ರವರಿಯ ಒಂದು ಮಧ್ಯಾಹ್ನ ಮೇನಿರ್ ತಂದ ಒಣದ್ರಾಕ್ಷಿ ರೊಟ್ಟಿಗೆ ಬೆಣ್ಣೆ ಹಚ್ಚುತ್ತಾ, ಚಾಕು ಕೆಳಗಿಡದೆ ಕೇಳಿದಳು.

“ಊರವರ ಸತ್ತೋರನ್ನೆಲ್ಲ ಹುಡುಕಿ ಕೊಡ್ತೀಯಲ್ಲ. ನಮ್ಮನೇಲಿ ಸತ್ತದ್ದನ್ನ ಯಾವತ್ತು ಹುಡುಕ್ತೀಯ?”

“ಯಾರಮ್ಮ?”

“ನಿನ್ನಣ್ಣ.”

ಮೇನಿರ್‌ಗೆ ಅಣ್ಣ ಇರಲಿಲ್ಲ. ಅಮ್ಮನಿಗೆ ಅರಳುಮರಳು ಶುರುವಾಯಿತೇನೋ ಎಂದು ಹೆದರಿ ಅವಳ ಮುಖ ನೋಡಿದಳು. ಅರಳುಮರಳಲ್ಲ. ಅರವತ್ತೈದು ವರ್ಷ ಬಾಯಿ ಮುಚ್ಚಿಕೊಂಡಿದ್ದ ಲೌರಿ ನಿಧಾನವಾಗಿ ಒಂದೊಂದೇ ಹೇಳಿದಳು. ಸಾವಿರದ ಒಂಬೈನೂರ ನಲವತ್ತೊಂಬತ್ತು, ನವೆಂಬರ್ ಒಂಬತ್ತು, ಬುಧವಾರ. ಬ್ರಿನ್ ಗೋಲೈ ಮನೆಯ ಮೇಲಿನ ಕೋಣೆ. ಗಂಡುಮಗು, ಅಳಲಿಲ್ಲ. ನರ್ಸ್ ಟವಲಿನಲ್ಲಿ ಸುತ್ತುವಾಗ ಒಂದು ಪಾದ ಮಾತ್ರ ಕಾಣಿಸಿತು. “ನೋಡಬೇಡ, ನೋಡಿದ್ರೆ ಮರೆಯೋಕಾಗಲ್ಲ” ಎಂದು ನರ್ಸ್ ಬಾಗಿಲು ಹಾಕಿಕೊಂಡು ಹೋದಳು. ಗಂಡ ಎಮ್ರಿಸ್ ಚಾಪೆಲ್ಲಿಗೆ ಹಾಕಿಕೊಳ್ಳಲು ಹೊಸದಾಗಿ ತಂದಿದ್ದ ಬೂಟಿನ ಡಬ್ಬಿ ಇತ್ತು. ಮಗುವನ್ನು ಅದರಲ್ಲಿ ಮಲಗಿಸಿ ಎತ್ತಿಕೊಂಡು ಬಡಗಿ ಗ್ರಿಫಿತ್‌ನ ಅಂಗಡಿಗೆ ಹೋದ. ಮೂರೇ ದಿನಕ್ಕೆ, ಶನಿವಾರ, ಅವರು ಬ್ರಿನ್ ಗೋಲೈ ಬಿಡಬೇಕಾಗಿತ್ತು. ಜಮೀನಿನ ಏಜೆಂಟ್ ಗೇಣಿಯನ್ನು ಬೇರೆಯವರಿಗೆ ಕೊಟ್ಟಿದ್ದ. ಆ ಸೀಮೆಯಲ್ಲಿ ಗೇಣಿದಾರರೆಲ್ಲ ಹದಿಮೂರನೇ ತಾರೀಖು ಮನೆ ಬದಲಿಸುವ ವಾಡಿಕೆ. ಆ ಸಲ ಅದು ಭಾನುವಾರ ಬಿತ್ತು, ಭಾನುವಾರ ಸಾಮಾನು ಸಾಗಿಸುವವರು ಆಗ ಯಾರಿದ್ದರು? ಒಂದು ದಿನ ಮೊದಲೇ, ಹಾಲು ಕಟ್ಟಿ ನೋಯುವ ಎದೆಗೆ ಬಟ್ಟೆ ಬಿಗಿದುಕೊಂಡು ಲೌರಿ ಹಾಸಿಗೆಯ ಸಮೇತ ಗಾಡಿಯಲ್ಲಿ ಕೂತು ಟಾನ್‌ರಾಲ್ಟ್ ಎಂಬ ಕೆಳಗಿನ ಮನೆಗೆ ಬಂದಳು.

“ಒಂದ್ಸಲ ಕೇಳ್ದೆ ನಿಮ್ಮಪ್ಪನ್ನ, ಎಲ್ಲಿಟ್ರಿ ಅಂತ. ಗ್ರಿಫಿತ್ ನೋಡ್ಕೊಂಡ ಅಂದ್ರು. ಅಷ್ಟೇ. ಮತ್ತೆ ಕೇಳಿದ್ರೆ ಎದ್ದು ದನದ ಕೊಟ್ಟಿಗೆಗೆ ಹೋಗ್ತಿದ್ರು.”

“ಹೆಸರಿಟ್ಟಿದ್ರಾ?”

“ಇಡೋಕೆ ಬಿಡ್ತಿರಲಿಲ್ಲ ಕಣೇ. ನಾನಿಟ್ಟೆ. ಮೈರಿಗ್ ಅಂತ. ಯಾರಿಗೂ ಹೇಳಿಲ್ಲ, ನಿಮ್ಮಪ್ಪಂಗೂ.” ಲೌರಿ ಬೆಣ್ಣೆ ಹಚ್ಚಿದ ತುಂಡನ್ನು ಮಗಳ ತಟ್ಟೆಗೆ ಇಟ್ಟಳು. “ನನಗೆ ಇನ್ನೆಷ್ಟು ದಿನ ಉಳಿದಿದೆಯೋ. ಅವನು ಎಲ್ಲಿದಾನೆ ಅಂತ ತಿಳ್ಕೊಂಡು ಹೋಗ್ಬೇಕು. ಬೇರೇನೂ ಬೇಡ.”

ಗ್ರಿಫಿತ್ ನೋಡಿಕೊಂಡ ಎಂದರೆ ಏನರ್ಥ ಎಂದು ಮೇನಿರ್‌ಗೆ ಗೊತ್ತಿತ್ತು. ಉಸಿರಾಡದೆ ಹುಟ್ಟಿದ ಮಗುವಿಗೆ ಆ ಕಾಲದಲ್ಲಿ ಗೋರಿ ಇಲ್ಲ, ಪ್ರಾರ್ಥನೆ ಇಲ್ಲ. ಶವಪೆಟ್ಟಿಗೆ ಮಾಡುವ ಬಡಗಿಯೇ ಆ ವಾರ ಊರಲ್ಲಿ ಯಾರು ಸತ್ತಿದ್ದಾರೋ ಅವರ ಪೆಟ್ಟಿಗೆಯಲ್ಲಿ, ಕಾಲ ಬುಡದಲ್ಲಿ, ಕೂಸನ್ನು ಮಲಗಿಸಿ ಮುಚ್ಚಳ ಹಾಕುತ್ತಿದ್ದ. ಕೆಲವು ಸಲ ಸತ್ತವರ ಮನೆಯವರಿಗೆ ತಿಳಿದಿರುತ್ತಿತ್ತು, ಕೆಲವು ಸಲ ಇಲ್ಲ. ಪಾದ್ರಿ ಕಾಣದವನಂತೆ ಕಿಟಕಿಯ ಕಡೆ ನೋಡುತ್ತಿದ್ದ. ಯಾರದೋ ಜೊತೆ ಸೇರಿಕೊಂಡು ಮಗು ಪವಿತ್ರ ಮಣ್ಣಿಗೆ ಹೋಗುತ್ತಿತ್ತು. ಅದು ಬಡಗಿಯ ಕರುಣೆಯೇ. ಆದರೆ ಆ ಕರುಣೆಗೆ ಕಾಗದ ಇರುತ್ತಿರಲಿಲ್ಲ.

ಇಂಥ ಮಕ್ಕಳ ಸರ್ಕಾರಿ ದಾಖಲೆಯನ್ನು ತಾಯಿಯೇ ಕೇಳಬೇಕು. ಲೌರಿ ಅರ್ಜಿಗೆ ಸಹಿ ಹಾಕಿದಳು, ಕಾಗದ ಬಂತು. ಅದರಲ್ಲಿ ತಾರೀಖಿತ್ತು, ಗಂಡು ಎಂದಿತ್ತು. ಹೆಸರಿನ ಜಾಗದಲ್ಲಿ ಗೆರೆ ಎಳೆದಿದ್ದರು. ಎಲ್ಲಿ ಹೂತರು ಎಂದು ಇರಲಿಲ್ಲ. ಮೇನಿರ್ ಅಲ್ಲಿಂದ ನೇರ ಗ್ರಿಫಿತ್‌ನ ಮೊಮ್ಮಗ ಗೆಥಿನ್‌ನ ಬಳಿಗೆ ಹೋದಳು. ಅವನು ಶಾಲೆಯಲ್ಲಿ ಅವಳ ಹಿಂದಿನ ಬೆಂಚಿನವನು. ಈಗ ಗೋರಿಗಳಿಗೆ ಸ್ಲೇಟು ಕಲ್ಲು ಕೆತ್ತುತ್ತಿದ್ದ.

“ಅಜ್ಜನ ಅಳತೆ ಪುಸ್ತಕ ಇರಬೇಕು ನೋಡು” ಎಂದು ಗೆಥಿನ್ ಅಟ್ಟ ಹತ್ತಿ, ಸೀನುತ್ತಾ ಇಳಿದು ಬಂದ. “ಬೇಕಾದ್ರೆ ಮನೆಗೇ ತಗೊಂಡು ಹೋಗು. ಇಲಿ ಓದಿರೋದೇ ಜಾಸ್ತಿ.”

ಉದ್ದನೆಯ ಪುಸ್ತಕ. ಸೋರಿದ ಮಾಡಿನ ನೀರು ಕುಡಿದು ನವೆಂಬರಿನ ಮೊದಲರ್ಧದ ಹಾಳೆಗಳು ಒಂದಕ್ಕೊಂದು ಅಂಟಿ ಹೆಂಟೆಯಾಗಿದ್ದವು. ಬಿಡಿಸಲು ಹೋದರೆ ಪುಡಿ ಉದುರಿತು. ಆಮೇಲಿನ ಮೊದಲ ಹಾಳೆ ಓದುವಂತಿತ್ತು. ಹತ್ತೊಂಬತ್ತರಿಂದ ಶುರು. ಅದರ ಎರಡನೆಯ ಸಾಲು: ಎಲಿಸ್ ಪ್ಯಾರಿ, ಐದಡಿ ಹತ್ತಿಂಚು, ಓಕ್ ಮರ, ಇಪ್ಪತ್ತೆರಡಕ್ಕೆ ಮಣ್ಣು. ಅದರ ಕೆಳಗೆ ಸಣ್ಣಕ್ಷರದಲ್ಲಿ: ಕಾಲ ಬುಡದಲ್ಲಿ ಬ್ರಿನ್ ಗೋಲೈ ಮನೆಯ ಕೂಸು.

ಬ್ರಿನ್ ಗೋಲೈ. ಮೇನಿರ್‌ಗೆ ಕಣ್ಣು ಮಂಜಾಯಿತು. ಆಕೆಯ ಅಪ್ಪ ಆ ಮನೆ ಬಿಟ್ಟು ನಲವತ್ತೆಂಟು ವರ್ಷ ಟಾನ್‌ರಾಲ್ಟ್‌ನಲ್ಲಿ ಬದುಕಿದರೂ ಸಾಯುವ ತನಕ ಎಮ್ರಿಸ್ ಬ್ರಿನ್ ಗೋಲೈ ಆಗಿಯೇ ಇದ್ದ. ಗೋರಿಕಲ್ಲಿನ ಮೇಲೂ ಹಾಗೇ ಕೆತ್ತಿದೆ. ಈ ಊರಿನಲ್ಲಿ ಮನುಷ್ಯ ಮನೆ ಬಿಡುತ್ತಾನೆ, ಮನೆ ಮನುಷ್ಯನನ್ನು ಬಿಡುವುದಿಲ್ಲ. ಹಾಗಿದ್ದ ಮೇಲೆ ಬ್ರಿನ್ ಗೋಲೈ ಮನೆಯ ಕೂಸು ಇನ್ಯಾರದು? ಒಂಬತ್ತಕ್ಕೆ ಹುಟ್ಟಿದ್ದು, ಇಪ್ಪತ್ತೆರಡಕ್ಕೆ ಮಣ್ಣು. ಚಳಿಗಾಲ, ಗ್ರಿಫಿತ್ ಇಟ್ಟುಕೊಂಡಿದ್ದಾನು. ಇದು ಒಂದೇ ಕಾಗದ ಎಂದು ಅವಳ ಒಳಗಿನ ಮುದುಕಿ ಒಂದು ಸಲ ಗೊಣಗಿದಳು. ಮೇನಿರ್ ಕೇಳಿಸಿಕೊಳ್ಳಲಿಲ್ಲ. ಅವತ್ತೇ ಸಂಜೆ ಊಟದ ಹೊತ್ತಿಗೆ ವೃದ್ಧಾಶ್ರಮಕ್ಕೆ ಹೋಗಿ ಅಮ್ಮನ ಕಿವಿಯಲ್ಲಿ ಹೇಳಿಬಿಟ್ಟಳು.

ಲೌರಿ ಅಳಲಿಲ್ಲ. “ಎಲಿಸ್ ಜೊತೆನಾ?” ಎಂದಳು. “ಕಲ್ಲು ಕ್ವಾರೀಲಿ ಬಂಡೆ ಬಿದ್ದು ಹೋದ್ನಲ್ಲ, ಅವನಾ? ಒಳ್ಳೇವನು ಕಣೇ. ಚೆನ್ನಾಗಿ ಹಾಡ್ತಿದ್ದ.” ಅಷ್ಟು ಹೇಳಿ ಕೋಟು ಕೇಳಿದಳು. ಈಗ ಕತ್ತಲಾಯಿತು, ನಾಳೆ ಹೋಗೋಣ ಎಂದರೆ ಕೋಟು ತೊಡೆಯ ಮೇಲಿಟ್ಟುಕೊಂಡೇ ಮಲಗಿದಳು.

ಮಾರನೇ ದಿನ ಗಾಲಿಕುರ್ಚಿ ಚಾಪೆಲ್ಲಿನ ಹಿಂದಿನ ಇಳಿಜಾರಿನಲ್ಲಿ ಹೂತುಕೊಂಡು, ಗೆಥಿನ್ ಬಂದು ಎತ್ತಿ, ಅಂತೂ ಎಲಿಸ್ ಪ್ಯಾರಿಯ ಕಲ್ಲಿನ ಮುಂದೆ ತಲುಪಿದರು. ಬಿಳಿ ಹಿಮಹೂಗಳು ಬಿಟ್ಟಿದ್ದವು. ಲೌರಿ ಬಗ್ಗಿ, ಕಲ್ಲಿನ ತಲೆಯ ಕಡೆಗಲ್ಲ, ಕಾಲಿನ ಕಡೆ ಕೈ ಇಟ್ಟಳು. ಹುಲ್ಲನ್ನು ಒಂದು ಸಲ ಸವರಿ, ಬೆರಳಿಗೆ ಮುತ್ತಿಟ್ಟು ಹುಲ್ಲಿಗೆ ಒತ್ತಿದಳು. “ಇಷ್ಟು ಹತ್ರ ಇದ್ದೆಯಲ್ಲೋ” ಎಂದಳು. ಅರವತ್ತೈದು ವರ್ಷ ಪ್ರತಿ ಭಾನುವಾರ ಆ ಕಲ್ಲಿನ ಪಕ್ಕದ ದಾರಿಯಲ್ಲೇ ಅವಳು ಚಾಪೆಲ್ಲಿಗೆ ನಡೆದಿದ್ದಳು. ಆಗ ಅತ್ತಳು. ಅಮ್ಮ ಹಾಗೆ ಅತ್ತದ್ದನ್ನು ಮೇನಿರ್ ಅಪ್ಪ ಸತ್ತಾಗಲೂ ನೋಡಿರಲಿಲ್ಲ.

ಆಮೇಲಿನ ಮೂರು ವಾರ ಲೌರಿ ಬೇರೆಯೇ ಹೆಂಗಸಾದಳು. ಎರಡು ಹೊತ್ತು ಚೆನ್ನಾಗಿ ಉಂಡಳು. ಟೀ ಕೋಣೆಯಲ್ಲಿ ಯಾರು ಸಿಕ್ಕರೂ ಹಿಡಿದು ಕೂರಿಸಿ, “ನನ್ನ ಹಿರೀ ಮಗ ಮೈರಿಗ್ ಎಲಿಸ್ ಪ್ಯಾರಿ ಜೊತೆ ಇದಾನೆ” ಎಂದು ಹೇಳುತ್ತಿದ್ದಳು, ಮಗ ಬೇರೆ ಊರಲ್ಲಿ ಒಳ್ಳೆಯವರ ಮನೆಯಲ್ಲಿ ಬಾಡಿಗೆಗಿದ್ದಾನೆ ಎನ್ನುವ ಹಾಗೆ. ಎಲಿಸ್ ಸತ್ತಾಗ ಇಡೀ ಕ್ವಾರಿ ಕೆಲಸ ನಿಲ್ಲಿಸಿ ಅವನ ಪೆಟ್ಟಿಗೆಯ ಹಿಂದೆ ನಡೆಯಿತಂತೆ, ಹಾಡುತ್ತಾ. “ರಾಜನಿಗೂ ಅಂಥಾ ಮೆರವಣಿಗೆ ಇಲ್ಲ. ನನ್ನ ಮಗ ಅದರೊಳಗೆ ಹೋದ.” ಗೆಥಿನ್‌ಗೆ ಹೇಳಿ ಅಂಗೈ ಅಗಲದ ಒಂದು ಸ್ಲೇಟಿನಲ್ಲಿ ಹೆಸರು ಕೆತ್ತಿಸಲು ಕೊಟ್ಟಳು. ಮಾರ್ಚಿನ ಕೊನೆಯ ಭಾನುವಾರ ಅದನ್ನು ಎಲಿಸ್‌ನ ಕಾಲ ಬುಡದಲ್ಲಿ ಇಡುವುದೆಂದು ಚಾಪೆಲ್ಲಿನಲ್ಲಿ ಒಪ್ಪಿಗೆಯೂ ಆಯಿತು.

ಆ ಟೀ ಕೋಣೆಯ ಪಕ್ಕದ ಮೇಜಿನಲ್ಲಿ ಮಾರ್ಗೆಡ್ ಕೂರುತ್ತಿದ್ದಳು. ಲೌರಿಗಿಂತ ಒಂದು ವರ್ಷ ಚಿಕ್ಕವಳು, ಅರ್ಧ ಕುರುಡಿ, ಮಾತು ಕಡಿಮೆ. ಅವಳ ಗಂಡ ಓವೆನ್‌ಗೇ ಆ ಏಜೆಂಟ್ ಬ್ರಿನ್ ಗೋಲೈ ಗೇಣಿ ಕೊಟ್ಟದ್ದು. ಲೌರಿ ಖಾಲಿ ಮಾಡಿದ ಮನೆಗೆ ಎರಡೇ ದಿನದಲ್ಲಿ ಬಂದು ಒಲೆ ಹಚ್ಚಿದವಳು ಮಾರ್ಗೆಡ್. ಕೆಳಗಿನ ಟಾನ್‌ರಾಲ್ಟ್‌ನಿಂದ ಆ ಹೊಗೆ ಕಾಣುತ್ತಿತ್ತು. ಅಂದಿನಿಂದ ಇಂದಿನವರೆಗೆ ಇಬ್ಬರ ನಡುವೆ ‘ಚಳಿ ಜಾಸ್ತಿ’, ‘ಹೌದು ಜಾಸ್ತಿ’ ಎನ್ನುವುದಕ್ಕಿಂತ ಹೆಚ್ಚು ಮಾತು ನಡೆದದ್ದಿಲ್ಲ.

ಮೂರನೆಯ ವಾರದ ಒಂದು ಬೆಳಿಗ್ಗೆ ಮಾರ್ಗೆಡ್ ಮೇನಿರ್‌ನ ತೋಳು ಹಿಡಿದಳು. ತನ್ನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಸಿದಳು.

“ನೀನು ಕಾಗದ ನೋಡೋಳು. ನಂದೂ ಒಂದು ನೋಡಮ್ಮ.”

“ಏನು ಮಾರ್ಗೆಡ್ ಆಂಟಿ?”

“ನಂಗೂ ಒಂದು ಹೋಗಿದೆ. ಹೆಣ್ಣು. ನಲವತ್ತೊಂಬತ್ತು, ನವೆಂಬರ್ ಹತ್ತೊಂಬತ್ತು. ಸಾಮಾನು ಹೊತ್ತಿದ್ದು ಜಾಸ್ತಿ ಆಯ್ತು ಅಂದ್ಲು ನರ್ಸು. ಆ ಮನೆಗೆ ಬಂದು ಐದು ದಿನ ಆಗಿತ್ತು. ಮೇಲಿನ ಕೋಣೇಲಿ.” ಮಾರ್ಗೆಡ್ ಕೈ ಮಡಚಿಕೊಂಡು ಹೇಳುತ್ತಿದ್ದಳು, ಕೋರ್ಟಿನಲ್ಲಿ ಹೇಳುವವರ ಹಾಗೆ. “ನನ್ನ ಮಕ್ಕಳಿಗೆ ಗೊತ್ತಿಲ್ಲ. ಓವೆನ್ ಸಾಯೋ ಹಿಂದಿನ ದಿನ ಒಂದು ಮಾತು ಹೇಳಿದ್ರು. ಅವಳ ಹಿಂದೆ ಇಡೀ ಕ್ವಾರಿ ಹಾಡ್ತಾ ನಡೀತು ಅಂತ. ಜ್ವರದಲ್ಲಿ ಏನೋ ಅಂತಿದಾರೆ ಅಂದ್ಕೊಂಡೆ. ಈಗ ನಿಮ್ಮಮ್ಮ ದಿನಾ ಅದೇ ಮಾತು ಹೇಳ್ತಾಳೆ ಪಕ್ಕದ ಮೇಜಲ್ಲಿ.”

ಮೇನಿರ್ ಕುರ್ಚಿ ಎಳೆದುಕೊಂಡು ಹತ್ತಿರ ಕೂತಳು.

“ನಾನು ಲೌರಿ ಹತ್ರ ಏನೂ ಕಿತ್ಕೊಳ್ಳೋಕೆ ಬಂದಿಲ್ಲ. ಅವಳು ನನ್ನನ್ನ ಏನಂದ್ಕೊಂಡಿದಾಳೆ ಗೊತ್ತು. ಆದ್ರೆ ನನಗೂ ತಿಳ್ಕೊಂಡೇ ಸಾಯ್ಬೇಕು ಕಣಮ್ಮ. ನೀನು ಸುಳ್ಳು ಬರೆಯಲ್ಲ ಅಂತಾರೆ. ಅದಕ್ಕೆ ನಿನ್ನನ್ನೇ ಕೇಳ್ತಿದೀನಿ.”

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ. ಮೇನಿರ್ ಅಂದು ಮಧ್ಯಾಹ್ನ ಗೆಥಿನ್‌ನ ಅಂಗಡಿಯಲ್ಲಿ ಕೂತಾಗ ಈ ಗಾದೆ ಅವಳಿಗೇ ಹೊಲಿದ ಅಂಗಿಯಂತಿತ್ತು. ಬೆಂಚಿನ ಮೇಲೆ ಮೈರಿಗ್‌ನ ಸ್ಲೇಟು ಅರ್ಧ ಕೆತ್ತಿ ಇಟ್ಟಿತ್ತು.

“ನಿಮ್ಮಜ್ಜ ಕೂಸನ್ನ ಎರಡು ವಾರ ಇಟ್ಕೋತಿದ್ರಾ?” ಎಂದು ಕೇಳಿದಳು. ಮೂರು ವಾರದ ಹಿಂದೆ ಕೇಳಬೇಕಾಗಿದ್ದ ಪ್ರಶ್ನೆ.

“ಎರಡು ವಾರವಾ? ಹುಚ್ಚೇನೇ ನಿಂಗೆ? ವಾರದೊಳಗೆ ಹೇಗಾದ್ರೂ ಮಣ್ಣು ಸೇರಿಸ್ತಿದ್ರು. ಅಂಗಡೀಲಿ ಮಗು ಇದ್ರೆ ಅಜ್ಜನಿಗೆ ಊಟ ಸೇರ್ತಿರಲಿಲ್ಲ ಅಂತ ಅಪ್ಪ ಹೇಳ್ತಿದ್ದ.”

“ಮನೆ ಹೆಸರು ಬರೆಯೋವಾಗ? ಹಳೇ ಮನೆಯವರನ್ನ ಬರೀತಿದ್ರಾ, ಹೊಸಬರನ್ನಾ?”

“ಅಜ್ಜಂಗೆ ಮನೆ ಅಂದ್ರೆ ಬಾಗಿಲು. ಯಾವ ಬಾಗಿಲು ತಟ್ಟಿ ಅಳತೆ ತಗೊಂಡ್ರೋ ಅದೇ ಹೆಸರು. ಬೀದೀಲಿ ಜನ ಏನು ಕರೀತಾರೆ ಅನ್ನೋದೆಲ್ಲ ಅವರಿಗೆ ಬೇಕಿರಲಿಲ್ಲ.” ಗೆಥಿನ್ ಉಳಿ ಕೆಳಗಿಟ್ಟು ಅವಳ ಮುಖ ನೋಡಿದ. ಸ್ಲೇಟಿನ ಮೇಲೆ ಬಟ್ಟೆ ಎಳೆದು ಮುಚ್ಚಿದ.

ಚಾಪೆಲ್ಲಿನ ಸಮಾಧಿ ಪುಸ್ತಕವನ್ನೂ ತೆರೆದು ನೋಡಿದಳು. ನವೆಂಬರ್ ಒಂಬತ್ತರಿಂದ ಹದಿನೈದರವರೆಗೆ, ಜ್ವರ ಹಬ್ಬಿದ್ದ ಆ ಒಂದೇ ವಾರದಲ್ಲಿ, ನಾಲ್ಕು ಜನ ಮಣ್ಣಾಗಿದ್ದರು. ನಾಲ್ಕು ಪೆಟ್ಟಿಗೆ ಕಣ್ಣ ಮುಂದೆ ಹೋದರೂ ಗ್ರಿಫಿತ್ ಎಲಿಸ್‌ನ ಪೆಟ್ಟಿಗೆಗೆ ಕಾಯುತ್ತಾ ಕೂತನೇ? ಇಷ್ಟು ದೊಡ್ಡ ತೂತಿರುವ ಆಧಾರ ಒಹಾಯೋದ ಮುದುಕ ತಂದಿದ್ದರೆ ಟೀ ಆರುವುದರೊಳಗೆ ಅವಳು ಅವನನ್ನು ಸಾಗಹಾಕುತ್ತಿದ್ದಳು. ಅಮ್ಮನದು ಎಂದಾಗ ಕಣ್ಣಿಗೆ ಕಾಣಲಿಲ್ಲ. ಕಾಣಬಾರದು ಎಂದೇ ಇತ್ತು ಅವಳಿಗೆ. ಎಲಿಸ್ ಪ್ಯಾರಿಯ ಕಾಲ ಬುಡದಲ್ಲಿ ಇದ್ದದ್ದು ಮಾರ್ಗೆಡ್‌ಳ ಮಗಳು. ಅದಕ್ಕೆ ಆಧಾರ ಎರಡಲ್ಲ, ಮೂರಿದ್ದವು: ಅಳತೆ ಪುಸ್ತಕ, ಸಮಾಧಿ ಪುಸ್ತಕ, ಓವೆನ್ ಸಾಯುವ ಮುಂಚೆ ಹೇಳಿದ ಮಾತು. ಮೈರಿಗ್ ಇರುವುದು ಆ ನಾಲ್ವರಲ್ಲಿ ಯಾರದೋ ಪೆಟ್ಟಿಗೆಯಲ್ಲಿ, ಅದನ್ನು ಬರೆದಿಟ್ಟ ಹಾಳೆ ಹೆಂಟೆಯಾಗಿ ಪುಡಿಯಾಗಿತ್ತು.

ಐದು ದಿನ ಅವಳು ಯಾರಿಗೂ ಹೇಳಲಿಲ್ಲ. ಸುಮ್ಮನಿದ್ದರೆ ಏನಾಗುತ್ತದೆ? ಅಮ್ಮ ನಗುತ್ತಾ ಸಾಯುತ್ತಾಳೆ. ಮಾರ್ಗೆಡ್‌ಗೆ ಸಿಗಲಿಲ್ಲ ಎಂದರೆ ನಂಬುತ್ತಾಳೆ, ಕಣ್ಣಿಲ್ಲದವಳು ಪುಸ್ತಕ ತೆರೆದು ನೋಡುವಳೇ? ಹೀಗೆಲ್ಲ ಲೆಕ್ಕ ಹಾಕಿದಳು. ಹಾಕುತ್ತಾ ಹಾಕುತ್ತಾ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಮಾರ್ಗೆಡ್ ಅವಳನ್ನು ಕಂಡಾಗ ಏನೂ ಕೇಳುತ್ತಿರಲಿಲ್ಲ. ಹೆಜ್ಜೆಯ ಸದ್ದಿಗೆ ಮುಖ ತಿರುಗಿಸಿ ಕಾಯುತ್ತಿದ್ದಳು. ಅದು ಕೇಳುವುದಕ್ಕಿಂತ ಕಷ್ಟವಾಗಿತ್ತು. ಲೌರಿ ಭಾನುವಾರಕ್ಕೆ ಯಾವ ಟೋಪಿ ಹಾಕಿಕೊಳ್ಳಲಿ ಎಂದು ಎರಡು ಟೋಪಿ ಹಿಡಿದು ಕೇಳುತ್ತಿದ್ದಳು.

ಶುಕ್ರವಾರ, ಆ ಎರಡು ಟೋಪಿಗಳ ನಡುವೆ ಕೂತು, ಮೇನಿರ್ ಹೇಳಿದಳು. ಸುತ್ತಿ ಬಳಸದೆ ಹೇಳಿದಳು, ತಪ್ಪು ತನ್ನದೇ ಎಂದೂ ಹೇಳಿದಳು.

ಲೌರಿ ಟೋಪಿಗಳೆರಡನ್ನೂ ಪಕ್ಕಕ್ಕೆ ಸರಿಸಿದಳು. “ಅವತ್ತು ನನಗೆ ಹೇಳೋ ಮೊದಲು ಒಂದು ವಾರ ತಡೀಬಹುದಾಗಿತ್ತಲ್ಲ ನೀನು” ಎಂದಳು. “ಊರವರಿಗೆಲ್ಲ ಎರಡು ಕಾಗದ. ನಿಮ್ಮಮ್ಮಂಗೆ ಒಂದೇ ಸಾಕಾಯ್ತಾ?”

“ತಪ್ಪಾಯ್ತಮ್ಮ.”

“ನಾನು ಆ ಹುಲ್ಲಿಗೆ ಮುತ್ತು ಕೊಟ್ಟೆ ಕಣೇ.”

ಮೇನಿರ್‌ಗೆ ದುಃಖ ಉಕ್ಕಿ ಬಂತು. ಅರವತ್ತಮೂರು ವರ್ಷದ ಹೆಂಗಸು ಅಮ್ಮನ ಮಂಚದ ತುದಿಯಲ್ಲಿ ಕೂತು, ಪಾತ್ರೆ ಒಡೆದ ಹುಡುಗಿಯ ಹಾಗೆ ಅತ್ತಳು. ಲೌರಿ ಸಮಾಧಾನ ಮಾಡಲಿಲ್ಲ. ಅಳು ಮುಗಿಯುವ ತನಕ ಕಾದು ಕೈವಸ್ತ್ರ ಎಸೆದಳು.

“ಮಾರ್ಗೆಡ್‌ಗೆ ಹೇಳಿದೀಯ?”

“ಇಲ್ಲ. ಮೊದಲು ನಿಂಗೆ ಹೇಳ್ಬೇಕು ಅಂತ.”

“ಅದೇ ಕೋಣೆ” ಎಂದಳು ಲೌರಿ, ತನಗೆ ತಾನೇ. “ಅದೇ ಕಿಟಕಿ. ಹತ್ತು ದಿನದ ಅಂತರ. ನಾನು ಕೆಳಗಡೆ ಕೂತ್ಕೊಂಡು ಅವಳ ಒಲೆ ಹೊಗೆ ನೋಡಿ ಶಾಪ ಹಾಕ್ತಿದ್ದೆ. ಆ ಹೊಗೆ ಬರ್ತಿದ್ದಾಗ ಅವಳು ಮೇಲೆ ಎದೆಗೆ ಬಟ್ಟೆ ಬಿಗಿದುಕೊಂಡು ಮಲಗಿದ್ಲು.” ಮಗಳ ಕೈಯಿಂದ ಕೈವಸ್ತ್ರ ತೆಗೆದುಕೊಂಡು, “ತಳ್ಳು ಕುರ್ಚೀನ” ಎಂದಳು.

ಟೀ ಕೋಣೆಯಲ್ಲಿ ಆ ಹೊತ್ತಿಗೆ ಬೇರೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಯಾರೋ ಇಟ್ಟ ಡ್ಯಾಫೊಡಿಲ್ ಹೂಗಳಿದ್ದವು. ಮಾರ್ಗೆಡ್ ಗಾಲಿಯ ಸದ್ದಿಗೆ ಮುಖ ತಿರುಗಿಸಿದಳು.

“ಮಾರ್ಗೆಡ್, ನಾನು ಲೌರಿ.”

“ಗೊತ್ತಾಯ್ತು. ನಿನ್ನ ಕುರ್ಚಿ ಕಿರುಗುಟ್ಟತ್ತೆ.”

“ಎಲಿಸ್ ಜೊತೆ ಇರೋದು ನಿನ್ನ ಮಗಳು. ಮೇನಿರ್ ನೋಡಿದಾಳೆ. ಎಲ್ಲ ಸರಿಯಾಗಿದೆ.”

ಮಾರ್ಗೆಡ್‌ಳ ಕೈ ಮೇಜಿನ ಮೇಲೆ ತಡಕಾಡಿತು. ಲೌರಿ ಆ ಕೈಯನ್ನು ಹಿಡಿದುಕೊಂಡಳು.

“ನಿಂದು?” ಎಂದಳು ಮಾರ್ಗೆಡ್ ಆಮೇಲೆ. “ಹಾಗಾದ್ರೆ ನಿಂದು ಎಲ್ಲಿ?”

“ಸಿಗಲ್ವಂತೆ.”

“ಅಯ್ಯೋ ಲೌರಿ.”

“ಬಿಡು. ನಂಗೆ ಮೂರು ವಾರ ಸಿಕ್ತು. ನಿಂಗೆ ಒಂದು ದಿನಾನೂ ಸಿಕ್ಕಿರಲಿಲ್ಲ.” ಲೌರಿ ಹೂದಾನಿಯಿಂದ ಹೂವನ್ನು ಹಾಗೇ ಎತ್ತಿ, ನೀರು ತೊಟ್ಟಿಕ್ಕುತ್ತಿದ್ದಂತೆ ಮಾರ್ಗೆಡ್‌ಳ ಮಡಿಲಿಗೆ ಹಾಕಿದಳು. “ಭಾನುವಾರ ಗಾಡಿ ಹೇಗೂ ಹೇಳಿದೆ. ನೀನು ಹೋಗು. ಮೇನಿರ್ ಕರ್ಕೊಂಡು ಹೋಗ್ತಾಳೆ. ಕಾಲ ಕಡೆ, ತಿಳೀತಾ? ತಲೆ ಕಡೆ ಅಲ್ಲ.”

ಭಾನುವಾರ ಮಾರ್ಗೆಡ್ ಹೋದಳು. ಲೌರಿ ಹೋಗಲಿಲ್ಲ. ಮೇನಿರ್ ಹಿಂತಿರುಗಿ ಬಂದಾಗ ಅಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು, ಎರಡು ಟೋಪಿಗಳೂ ಕಪಾಟಿನಲ್ಲಿದ್ದವು. ಕಿಟಕಿಯ ಕಟ್ಟೆಯ ಮೇಲೆ ಗೆಥಿನ್ ಕೆತ್ತಿ ಮುಗಿಸಿದ ಸ್ಲೇಟು ಇತ್ತು. ಇಡಲು ಜಾಗವಿಲ್ಲದ ಹೆಸರು.

“ಆ ವಾರದ ನಾಲ್ಕು ಜನ ಯಾರು?” ಎಂದಳು ಲೌರಿ ತಿರುಗದೆ. “ಓದು.”

“ಯಾಕಮ್ಮ, ಈಗ.”

“ಓದು ಅಂದೆ.”

ಮೇನಿರ್ ಚೀಲದಿಂದ ಕಾಗದ ತೆಗೆದಳು. “ಹತ್ತನೇ ತಾರೀಖು, ಹಂಫ್ರಿ ಜೋನ್ಸ್.”

“ಕುಡುಕ ಉಮ್‌ಫ್ರಾ. ಗೋಡೆ ಪಕ್ಕದಲ್ಲಿ ಸತ್ತು ಬಿದ್ದಿದ್ದ. ನಿದ್ದೇಲಿ ಒದೀತಿದ್ದ ಅಂತ ಅವನ ಹೆಂಡ್ತಿನೇ ಹೇಳ್ತಿದ್ಲು. ಅವನ ಕಾಲ ಬುಡದಲ್ಲಿ ಬೇಡ. ಮುಂದೆ.”

“ಹನ್ನೊಂದು, ಜೊಸೈಯಾ ರಾಬರ್ಟ್ಸ್, ಚಾಪೆಲ್ ಹಿರಿಯರು.”

“ಅವನಾ? ಮದ್ವೆಗೆ ಮುಂಚೆ ಬಸುರಾದ ಹುಡುಗೀರನ್ನೆಲ್ಲ ಸಭೇಲಿ ಎದ್ದು ನಿಲ್ಲಿಸಿ ಹೊರಗೆ ಹಾಕಿದೋನು. ಮಗು ಹತ್ರಾನೂ ಬೈಬಲ್ ವಾಕ್ಯ ಒಪ್ಪಿಸು ಅಂತಾನೆ. ಬೇಡ.”

“ಹನ್ನೆರಡು, ಎಲೆನ್ ಜೋನ್ಸ್, ಅಂಚೆ ಕಚೇರಿ.”

“ನಾವು ಗಾಡೀಲಿ ಹೋದ ದಿನ. ಚಾಪೆಲ್ ಮುಂದೆ ಜನ ನಿಂತಿದ್ರು, ಗಾಡಿ ನಿಲ್ಸಿ ನಿಮ್ಮಪ್ಪ ಟೋಪಿ ತೆಗೆದ್ರು.” ಲೌರಿ ದಿಂಬಿನ ಅಂಚು ಎಳೆದುಕೊಂಡಳು. “ಬಹಳ ಹೊತ್ತು ತೆಗೆದಿದ್ರು. ಎಲೆನ್ ಕೆಟ್ಟೋಳಲ್ಲ. ಆದ್ರೆ ಎಲ್ಲರ ಕಾಗದ ಒಡೆದು ಓದೋಳು, ಬಾಯಿ ಮುಚ್ಚಲ್ಲ. ಮಗುಗೆ ನಿದ್ದೆ ಬರಲ್ಲ. ಇನ್ನೊಂದು?”

“ಹದಿನೈದು, ಲೈಸಾ ರಾಬರ್ಟ್ಸ್.”

ಲೌರಿ ತಿರುಗಿದಳು. “ಬಾತುಕೋಳಿ ಲೈಸಾ?”

“ಇರಬೇಕು. ಊರ ಕೊನೇ ಮನೆ ಅಂತಿದೆ.”

“ಅವಳಿಗೆ ಮಕ್ಕಳಿರಲಿಲ್ಲ ಕಣೇ. ಊರಿನ ಮಕ್ಕಳೆಲ್ಲ ಅವಳ ಮನೇಲೇ. ಚಳೀಲಿ ಹೋದ್ರೆ ಏಪ್ರನ್ ಒಳಗೆ ಎಳ್ಕೊಂಡು ಕೂರಿಸ್ಕೊಳ್ಳೋಳು. ಬೆಲ್ಲದ ಮಿಠಾಯಿ ಎಳೆದು ಎಳೆದು ಕೊಡೋಳು. ನಾನೂ ಕೂತಿದೀನಿ ಆ ಮಡಿಲಲ್ಲಿ.” ಕಣ್ಣಂಚಿನಿಂದ ನೀರು ಇಳಿದು ದಿಂಬು ಸೇರಿತು. ಒರೆಸಿಕೊಳ್ಳಲಿಲ್ಲ. “ಲೈಸಾ ಹತ್ರಾನೇ ಇದಾನೆ ಬಿಡು.”

“ಅದಕ್ಕೆ ಆಧಾರ ಇಲ್ಲಮ್ಮ.”

“ಗೊತ್ತು. ನಿನ್ನ ಪುಸ್ತಕದಲ್ಲಿ ಬರೀಬೇಡ. ನನ್ನ ಸುಟ್ಟು ನಿಮ್ಮಪ್ಪನ ಪಕ್ಕದಲ್ಲಿ ಇಡೋವಾಗ, ಬೂದಿ ಒಂದು ಹಿಡಿ ಲೈಸಾ ಹತ್ರಾನೂ ಹಾಕು. ಹಾಕ್ತೀನಿ ಅನ್ನು.”

“ಹಾಕ್ತೀನಿ.”

ಏಪ್ರಿಲ್ ಇಪ್ಪತ್ತರಂದು, ಮಧ್ಯಾಹ್ನದ ಟೀ ಬರುವ ಮೊದಲು, ಲೌರಿ ತೀರಿಕೊಂಡಳು. ಮೇನಿರ್‌ಗೆ ತಡೆಯಲಾರದ ದುಃಖವಾಯಿತು. ಅದರಲ್ಲಿ ಅರ್ಧ, ಆ ಮೂರು ವಾರವನ್ನು ಕೊಟ್ಟು ತಾನೇ ಕಿತ್ತುಕೊಂಡ ದುಃಖ. ಸಂಘದ ಪುಸ್ತಕದಲ್ಲಿ ಎಲಿಸ್ ಪ್ಯಾರಿಯ ಹೆಸರಿನ ಕೆಳಗೆ ಮಾರ್ಗೆಡ್‌ಳ ಮಗಳನ್ನು ಬರೆದಳು, ಪಕ್ಕದಲ್ಲಿ ಆಧಾರಗಳನ್ನೂ ಬರೆದಳು. ಮೈರಿಗ್‌ನ ಸಾಲಿನಲ್ಲಿ ಹುಟ್ಟಿದ ದಿನ, ಅಪ್ಪ, ಅಮ್ಮ. ಸ್ಥಳ: ತಿಳಿದಿಲ್ಲ. ಅವಳ ಕೈ ಬೇರೆ ಏನನ್ನೂ ಬರೆಯಲು ಒಪ್ಪಲಿಲ್ಲ.

ಅಪ್ಪನ ಪಕ್ಕದಲ್ಲಿ ಅಮ್ಮನನ್ನು ಇಟ್ಟ ದಿನ, ಪಾದ್ರಿ ಮತ್ತು ಜನ ಹೋದ ಮೇಲೆ, ಅವಳ ಕೋಟಿನ ಜೇಬಿನಲ್ಲಿ ಒಂದು ಹಿಡಿ ಬೂದಿಯ ಪೊಟ್ಟಣ ಉಳಿದಿತ್ತು. ಗೆಥಿನ್ ಮಾರ್ಗೆಡ್‌ಳ ಕುರ್ಚಿಯನ್ನು ಎಲಿಸ್ ಪ್ಯಾರಿಯ ಕಲ್ಲಿನ ಪಕ್ಕ ನಿಲ್ಲಿಸಿದ್ದ. ಮೇನಿರ್ ಹುಲ್ಲಿನಲ್ಲಿ ನಡೆದು ಲೈಸಾಳ ಗೋರಿಗೆ ಬಂದಳು. ಮಂಡಿಯೂರಿ, ಕಾಲ ಬುಡದಲ್ಲಿ, ಬೆರಳಲ್ಲಿ ಮಣ್ಣು ಕೆದರಿ ಬೂದಿ ಹಾಕಿದಳು. ಪೂರ್ತಿ ಹಾಕಲಿಲ್ಲ. ಕಾಲು ಭಾಗ ಹಾಕಿ ಪೊಟ್ಟಣ ಮಡಚಿಕೊಂಡಳು.

ಅಲ್ಲಿಂದ ಎದ್ದು ಅಂಚೆ ಕಚೇರಿಯ ಎಲೆನ್‌ಳ ಗೋರಿಗೆ ಹೋದಳು. ಅಲ್ಲೂ ಅಷ್ಟೇ. ಜೊಸೈಯಾನ ಎತ್ತರದ ಕಲ್ಲಿನ ಬುಡದ ಮಣ್ಣು ಗಟ್ಟಿಯಾಗಿತ್ತು, ಮನೆಯ ಕೀಲಿಯಿಂದ ಕೆದರಬೇಕಾಯಿತು. ಕೊನೆಗೆ ಗೋಡೆಯ ಪಕ್ಕ, ಕಲ್ಲೂ ಓರೆಯಾಗಿ ನಿಂತ ಉಮ್‌ಫ್ರಾನ ಬಳಿ ಬಂದಳು.

“ಅಮ್ಮ, ಬೈಬೇಡ” ಎಂದಳು ಗಟ್ಟಿಯಾಗಿಯೇ. “ಇಲ್ಲೂ ಇರಬಹುದು. ನಾಲ್ಕರಲ್ಲಿ ಒಂದು ಕಡೆ ಇದಾನೆ, ಅಷ್ಟು ಮಾತ್ರ ನಂಗೆ ಗೊತ್ತಿರೋದು.”

ಪೊಟ್ಟಣದಲ್ಲಿ ಉಳಿದದ್ದನ್ನು ಕೊಡವಿ ಹಾಕಿ, ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿದಳು.